ಮುಪ್ಪಿನ ಮಂಕಿಗೆ ಥೈರಾಯ್ಡ್ ಎಂಬ ಹೆಸರು

ಥೈರಾಯ್ಡ್ ರಕ್ತಪರೀಕ್ಷೆಗೆ ನಂಜನಗೂಡಿನವರೂ ತಿ. ನರಸೀಪುರದವರೂ ಈಗ ಮೈಸೂರಿನ ಬಸ್ಸು ಹತ್ತಬೇಕಿಲ್ಲ. ಒಳ್ಳೆಯದೇ. ನನ್ನ ಆತಂಕವೆಲ್ಲ ವರದಿ ಕೈಗೆ ಬಂದ ಮೇಲಿನದು.

ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರು ಜಗಲಿಗೆ ಬಂದು ಕೂರುವುದನ್ನೇ ಬಿಟ್ಟಿದ್ದಾರೆ ಎಂದುಕೊಳ್ಳಿ. ಅರ್ಧ ಮುದ್ದೆಗೇ ಸಾಕೆನ್ನುತ್ತಾರೆ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 6.5. 'ಓ, ಥೈರಾಯ್ಡ್ ಇತ್ತಂತೆ, ಅದಕ್ಕೇ ಹಂಗಿದ್ರು' ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮಾತ್ರೆ ಶುರುವಾಗುತ್ತದೆ, ಅಜ್ಜಿಯ ಸಂಕಟವನ್ನು ಹುಡುಕುವುದು ನಿಲ್ಲುತ್ತದೆ.

ಟಿಎಸ್‌ಎಚ್ ಎಂಬುದು ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆಂದು ಮೆದುಳಿನ ಬುಡದಿಂದ ಹೋಗುವ ಆಜ್ಞೆ. ವಯಸ್ಸಾದಂತೆ ಅದು ತಾನಾಗಿಯೇ ತುಸು ಏರುತ್ತದೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಂಬತ್ತು ದಾಟಿದ ಆರೋಗ್ಯವಂತರ ಮೇಲ್ಮಿತಿಯೇ ಸುಮಾರು 7.5 ಇತ್ತು. ವರದಿಯ ಅಂಚಿನಲ್ಲಿ ಅಚ್ಚಾಗುವ ನಾಲ್ಕೂವರೆಯ ಗೆರೆ ಹರೆಯದವರಿಗೂ ಒಂದೇ, ಅಜ್ಜಿಗೂ ಒಂದೇ.

ಟಿಎಸ್‌ಎಚ್ ತುಸು ಹೆಚ್ಚಿದ್ದು, ಥೈರಾಯ್ಡ್ ಗ್ರಂಥಿಯ ಹಾರ್ಮೋನಾದ ಟಿ4 ಸರಿಯಾಗಿಯೇ ಇದ್ದ, 65 ದಾಟಿದ 737 ಜನರ ಮೇಲೆ ಯೂರೋಪಿನಲ್ಲಿ ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಲೆವೊಥೈರಾಕ್ಸಿನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ವರ್ಷ ಕಳೆದರೂ ಸುಸ್ತಿನಲ್ಲಿ ವ್ಯತ್ಯಾಸವಿಲ್ಲ ಎಂಬ ಫಲಿತಾಂಶ 2017ರಲ್ಲಿ ಹೊರಬಂತು. ಅವರಲ್ಲಿ 427 ಜನರ ಖಿನ್ನತೆಯ ಲಕ್ಷಣಗಳನ್ನು ಅಳೆದ ವರದಿ 2021ರದು. ಅಲ್ಲಿಯೂ ಮಾತ್ರೆಯಿಂದ ಮನಸ್ಸು ಹಗುರಾಗಿರಲಿಲ್ಲ.

ಉಪಯೋಗವಿಲ್ಲದಿದ್ದರೂ ಕೇಡೇನು ಎನ್ನಬಹುದು. ಕೇಡಿದೆ, ಅದು ನಿಧಾನವಾಗಿ ಬರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಅರವತ್ತು ದಾಟಿದವರನ್ನು ಹತ್ತು ವರ್ಷ ಗಮನಿಸಿದಾಗ, ಟಿಎಸ್‌ಎಚ್ ತೀರಾ ಕುಸಿದವರಲ್ಲಿ ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಮಾತ್ರೆಯಿಂದ ಹಾರ್ಮೋನು ಅತಿಯಾದರೂ ಟಿಎಸ್‌ಎಚ್ ಹೀಗೆಯೇ ಕುಸಿಯುತ್ತದೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಮೂಳೆಯೂ ಸವೆಯುತ್ತದೆ.

ಡೋಸು ಅತಿಯಾಗುವ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಬೆಳಗಿನ ಕಾಫಿಯೊಂದಿಗೆ ಮಾತ್ರೆ ನುಂಗಿದರೆ ಅದು ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಮಂಡಿ ನೋವಿಗೆಂದು ಕೊಟ್ಟ ಕ್ಯಾಲ್ಸಿಯಂ, ರಕ್ತಹೀನತೆಯ ಕಬ್ಬಿಣದ ಮಾತ್ರೆಗಳೂ ಅದನ್ನು ತಡೆಯುತ್ತವೆ. ಟಿಎಸ್‌ಎಚ್ ಇಳಿಯುವುದಿಲ್ಲ. ಡೋಸು ಏರುತ್ತದೆ, ಮತ್ತೆ ಏರುತ್ತದೆ. ಒಂದು ದಿನ ಮಗಳು ಬಂದು ಖಾಲಿ ಹೊಟ್ಟೆಗೆ ನೀರಿನಲ್ಲಿ ಕೊಡತೊಡಗಿದರೆ ಏರಿಸಿದ ಡೋಸು ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಹರೆಯದಲ್ಲಿ ಹಾರ್ಮೋನು ಹೆಚ್ಚಾದರೆ ಚಡಪಡಿಕೆ, ನಡುಕ. ಮುದುಕರಲ್ಲಿ ಅದೇ ಕೆಲವೊಮ್ಮೆ ಮಂಕಾಗಿ, ಊಟ ಬೇಡವಾಗಿ, ಮೈ ಇಳಿಯುವುದಾಗಿ ಕಾಣಿಸುತ್ತದೆ. ನನಗೆ ಎಲ್ಲಕ್ಕಿಂತ ದಿಗಿಲು ಹುಟ್ಟಿಸುವುದು ಇದೇ: ಯಾವ ಮಂಕಿಗೆಂದು ಮಾತ್ರೆ ಕೊಟ್ಟರೋ ಅದನ್ನೇ ಮಾತ್ರೆ ತಂದಿಟ್ಟರೂ ಯಾರಿಗೂ ಗುರುತು ಸಿಗುವುದಿಲ್ಲ.

ಇದನ್ನು ಓದಿ ಯಾರೂ ಮಾತ್ರೆ ತಾವೇ ನಿಲ್ಲಿಸಬಾರದು. ಟಿ4 ನಿಜಕ್ಕೂ ಇಳಿದವರಿಗೆ, ಗ್ರಂಥಿಯನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡವರಿಗೆ ಅದು ಜೀವಾಧಾರ. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರ ಥೈರಾಯ್ಡ್ ಕುಂದಬಹುದು, ಅವರಿಗೆ ಪರೀಕ್ಷೆ ಆಗಾಗ ಬೇಕೇ ಬೇಕು. ತೀವ್ರ ಕೊರತೆಯಿಂದಲೇ ಮನಸ್ಸು ಕುಸಿಯುವುದೂ ಉಂಟು. ಟಿಎಸ್‌ಎಚ್ 20 ಮೀರದೆ ಟಿ4 ಸರಿಯಿರುವ ಹಿರಿಯರ ಮಾತು ಬೇರೆ. ಅಂಥವರಿಗೆ ಮಾತ್ರೆ ಬೇಡವೆಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಖಡಾಖಂಡಿತವಾಗಿ ಬರೆಯಿತು.

ಆದ್ದರಿಂದ ಟಿಎಸ್‌ಎಚ್ ತುಸು ಏರಿದ್ದರೆ ಟಿ4 ನೋಡಿಸಿ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಲು ವೈದ್ಯರನ್ನು ಕೇಳಿ. ಎಷ್ಟೋ ಜನರಲ್ಲಿ ಅದು ತಾನೇ ಇಳಿದಿರುತ್ತದೆ. ಅಷ್ಟರೊಳಗೆ ಅಜ್ಜಿಯ ಪಕ್ಕ ಕೂತು, ನಿದ್ದೆ ಯಾವಾಗಿನಿಂದ ಕೆಟ್ಟಿತು, ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಎಂದು ಕೇಳಿ. ಬದುಕು ಬೇಡವೆಂಬ ಮಾತು ಬಂದರೆ ಎರಡನೇ ಪರೀಕ್ಷೆಗೆ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ.