ಮಧ್ಯಕ್ಷೇತ್ರದ ಡೊಲೊರೆಸ್

ತರಗುಪೇಟೆಯ ಹುಡುಗರಿಗೆ ಭಾನುವಾರವೆಂದರೆ ಕ್ರಿಕೆಟ್. ಮಂಡಿಗಳು ಮುಚ್ಚಿ, ಮೂಟೆ ಇಳಿಸುವ ಲಾರಿಗಳ ಓಡಾಟ ಕಡಿಮೆಯಾದರೆ ಬೀದಿಯೇ ಮೈದಾನ. ಫುಟ್‌ಬಾಲ್ ಏನಿದ್ದರೂ ದಂಡಿನ ಕಡೆಯ ಆಟ. ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಗೌತಮಪುರ! ಇನ್ನು ಹುಡುಗಿಯರ ಫುಟ್‌ಬಾಲ್ ಎಂದರೆ ‘ಅದೂ ಉಂಟೇ?’ ಎಂದು ಹುಬ್ಬೇರಿಸುವವರೇ ಪೇಟೆಯಲ್ಲಿ ಹೆಚ್ಚು. ಮಗಳು ಬೂಟು ಕೊಡಿಸಿ ಎಂದರೆ ಅಪ್ಪ ಅಮ್ಮ ಕೇಳುವುದು ಒಂದೇ ಪ್ರಶ್ನೆ: ‘ಆಡಿ ಮುಂದೇನು ಮಾಡ್ತೀಯೇ?’

ಪ್ರಶ್ನೆ ತಪ್ಪಲ್ಲ. ಫುಟ್‌ಬಾಲೇ ಉಸಿರಾಗಿರುವ, ರೊನಾಲ್ಡೊನ ನಾಡಾದ ಪೋರ್ಚುಗಲ್‌ನಲ್ಲೂ ತೀರ ಇತ್ತೀಚಿನವರೆಗೆ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಅದನ್ನು ತಿಳಿಯಲು ಡೊಲೊರೆಸ್ ಸಿಲ್ವಾಳ ಆಟದ ಬದುಕನ್ನು ನೋಡಬೇಕು.

1991ರಲ್ಲಿ ಹುಟ್ಟಿದ ಡೊಲೊರೆಸ್ ಮಧ್ಯಕ್ಷೇತ್ರದ ಆಟಗಾರ್ತಿ. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಗೋಲು ಹೊಡೆಯುವ ಮುನ್ಪಡೆಯವರ ಹೆಸರು. ಆದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿದು, ತಲೆಯೆತ್ತಿ ನೋಡಿ, ಯಾರ ಮುಂದೆ ಜಾಗ ತೆರೆದಿದೆಯೋ ಅವರಿಗೆ ದಾಟಿಸುವ ಕೆಲಸ ಮಧ್ಯಕ್ಷೇತ್ರದವರದು. ತೊಂಬತ್ತು ನಿಮಿಷವೂ ಓಡಬೇಕು, ಹೆಸರು ಮಾತ್ರ ಅಪರೂಪ. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರ ಪಾಡು ಎನ್ನಿ.

ಆಕೆ ಮೊದಲು ಹೆಸರು ಮಾಡಿದ್ದು ಸಿಂತ್ರಾ ಎಂಬ ಊರಿನ ‘ಪ್ರಿಮೆರೊ ದೆಜೆಂಬ್ರೊ’ ತಂಡದಲ್ಲಿ. ಹಾಗೆಂದರೆ ‘ಡಿಸೆಂಬರ್ ಒಂದು’. 1640ರ ಆ ದಿನ ಪೋರ್ಚುಗಲ್ ಸ್ಪೇನಿನ ಆಳ್ವಿಕೆಯನ್ನು ಕೊಡವಿಕೊಂಡಿತು. ಈ ತಂಡ ಸತತ 11 ವರ್ಷ ಮಹಿಳಾ ಲೀಗ್ ಗೆದ್ದಿತು. ಕೇಳಲು ಸೊಗಸು. ಆದರೆ ಒಂದೇ ತಂಡ 11 ವರ್ಷ ಗೆಲ್ಲುತ್ತದೆಂದರೆ ಉಳಿದ ತಂಡಗಳ ಬಲವೆಷ್ಟೆಂದು ಊಹಿಸಬಹುದು. ಹವ್ಯಾಸಿಗಳ ಲೀಗ್ ಅದು. ಆಡಿ ಹೊಟ್ಟೆ ಹೊರೆಯುವ ಮಾತೇ ಇರಲಿಲ್ಲ.

ಹೀಗಾಗಿ 2011ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಡೊಲೊರೆಸ್ ಊರು ಬಿಟ್ಟಳು. ಸೇರಿದ್ದು ಜರ್ಮನಿಯ ಡ್ಯೂಸ್‌ಬರ್ಗ್ ತಂಡವನ್ನು. ರೈನ್ ನದಿಯ ದಡದ ಉಕ್ಕಿನ ಊರು ಅದು. ತಂಡವೂ ಸಾಮಾನ್ಯದ್ದಲ್ಲ, 2009ರಲ್ಲಿ ಯೂರೋಪಿನ ಕಪ್ಪನ್ನೇ ಗೆದ್ದಿತ್ತು. ಆದರೇನು, 2013ರಲ್ಲಿ ಕ್ಲಬ್ಬೇ ದಿವಾಳಿಯಾಯಿತು! ಊರಿನ ಪುರುಷರ ಕ್ಲಬ್ಬಾದ ಎಂಎಸ್‌ವಿ ಡ್ಯೂಸ್‌ಬರ್ಗ್ 2014ರ ಆರಂಭದಲ್ಲಿ ಮಹಿಳಾ ತಂಡವನ್ನು ತನ್ನ ಮಡಿಲಿಗೆ ಹಾಕಿಕೊಂಡಿತು. ಪರದೇಶ, ಪರಭಾಷೆ, ಕೈಯಲ್ಲಿದ್ದ ಕೆಲಸವೂ ಅಲುಗಾಡುವ ಹೊತ್ತು. ಆಕೆ ಹಿಂದಿರುಗಲಿಲ್ಲ. ಅಲ್ಲೇ ಆಡಿದಳು, ಮುಂದೆ ಯೇನಾ ನಗರದ ತಂಡಕ್ಕೆ ಹೋದಳು.

ಅಷ್ಟರಲ್ಲಿ ತವರಿನಲ್ಲೇ ಗಾಳಿ ಬದಲಾಯಿತು. 2016ರಲ್ಲಿ ಸ್ಪೋರ್ಟಿಂಗ್, ಬ್ರಾಗಾದಂಥ ದೊಡ್ಡ ಕ್ಲಬ್ಬುಗಳು ಮಹಿಳಾ ತಂಡ ಕಟ್ಟಿ ಲೀಗ್‌ಗೆ ಇಳಿದವು. ಎರಡು ವರ್ಷದ ಬಳಿಕ ಬೆನ್ಫಿಕಾ ಬಂತು. ಮೈದಾನ, ತರಬೇತುದಾರ, ವೈದ್ಯ, ಸಂಬಳ ಎಲ್ಲವೂ ಪುರುಷರ ಕ್ಲಬ್ಬಿನಲ್ಲಿ ಮೊದಲೇ ಇದ್ದವು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಬೇಕಿತ್ತು, ಅಷ್ಟೆ. ಡೊಲೊರೆಸ್ ಬ್ರಾಗಾ ಸೇರಿದಳು. ನಡುವೆ 2018–19ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋಗಿ ಸ್ಪೇನಿನ ಲೀಗ್ ಗೆದ್ದ ತಂಡದಲ್ಲಿದ್ದಳು. ತಮಾಷೆಯೆಂದರೆ, ಆಕೆ ಇಲ್ಲದ ಅದೇ ವರ್ಷ ಬ್ರಾಗಾ ಮೊದಲ ಬಾರಿಗೆ ಪೋರ್ಚುಗಲ್ ಲೀಗ್ ಗೆದ್ದಿತು!

2017ರಲ್ಲಿ ಪೋರ್ಚುಗಲ್ ಮಹಿಳೆಯರು ಮೊದಲ ಸಲ ಯೂರೋ ಕಪ್ ಆಡಿದರು. 2023ರಲ್ಲಿ ಮೊದಲ ವಿಶ್ವಕಪ್, ನಾಯಕಿ ಡೊಲೊರೆಸ್. ಆಕ್ಲೆಂಡ್‌ನಲ್ಲಿ ಹಾಲಿ ಚಾಂಪಿಯನ್ ಅಮೆರಿಕದ ಎದುರು ಪಂದ್ಯ ಗೋಲಿಲ್ಲದೆ ಮುಗಿಯಿತು. ಕೊನೆಯ ಗಳಿಗೆಯಲ್ಲಿ ಅನಾ ಕಪೇತಾ ಒದ್ದ ಚೆಂಡು ಗೋಲುಕಂಬಕ್ಕೆ ಬಡಿಯಿತು. ನಾಲ್ಕು ಬೆರಳು ಒಳಗೆ ಹೋಗಿದ್ದರೆ ಅಮೆರಿಕ ಮನೆಗೆ! ಅದೇ ಕೂಟದಲ್ಲಿ ವಿಯೆಟ್ನಾಮ್ ವಿರುದ್ಧ ಗೋಲು ಹೊಡೆದ ಕಿಕಾ ನಜರೆತ್ ಕೂಡ ಮಧ್ಯಕ್ಷೇತ್ರದವಳೇ. ಹುಟ್ಟಿದ್ದು 2002ರಲ್ಲಿ, ಲಿಸ್ಬನ್ನಿನಲ್ಲಿ. ಆಕೆ ಆಟ ಕಲಿಯಲು ದೇಶ ಬಿಡಬೇಕಾಗಲಿಲ್ಲ. ತನ್ನೂರಿನ ಬೆನ್ಫಿಕಾದಲ್ಲೇ ತಾರೆಯಾದಳು; 2024ರಲ್ಲಿ ಬಾರ್ಸಿಲೋನಾ ಹಣ ತೆತ್ತು ಕರೆದೊಯ್ದಿತು. ಇಬ್ಬರ ನಡುವೆ ಇರುವುದು ಹನ್ನೊಂದು ವರ್ಷದ ಅಂತರ. ಪ್ರತಿಭೆಯಲ್ಲಿ ಯಾರು ಮೇಲೆಂದು ತೂಗುವುದು ಬೇಡ. ಒಬ್ಬಳಿಗೆ ಮನೆಯ ಹತ್ತಿರ ಲೀಗ್ ಇತ್ತು, ಇನ್ನೊಬ್ಬಳಿಗೆ ಇರಲಿಲ್ಲ.

ನಮ್ಮ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಪೋರ್ಚುಗಲ್ ಮಹಿಳೆಯರು ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1981ರಲ್ಲಿ. ಎರಡು ವರ್ಷದಲ್ಲಿ ತಂಡ ನಿಂತುಹೋಗಿ, ಮತ್ತೆ ಕಣ್ಣು ಬಿಟ್ಟದ್ದು 1993ಕ್ಕೆ. ಭಾರತದಲ್ಲಿ ಹುಡುಗಿಯರ ರಾಷ್ಟ್ರೀಯ ಪಂದ್ಯಾವಳಿ 1975ರಲ್ಲೇ ಶುರುವಾಗಿತ್ತು! 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಕೂಟದಲ್ಲಿ ನಾವು ಎರಡನೆಯವರು, 1983ರಲ್ಲೂ ಎರಡನೆಯವರು. ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತದ ಅಂಗಿ ತೊಟ್ಟ ಕಾಲ ಅದು. ಇಡೀ ಪೋರ್ಚುಗಲ್‌ನ ಜನಸಂಖ್ಯೆ ಸುಮಾರು ಒಂದು ಕೋಟಿ, ಇಂದಿನ ಬೆಂಗಳೂರಿಗಿಂತ ಕಡಿಮೆ. ಮುಂದಿದ್ದ ನಾವು ಹಿಂದೆ ಬಿದ್ದೆವು. ಹುಡುಗಿಯರಿಗೆ ಕಾಲು ಬರಲಿಲ್ಲವೆಂದಲ್ಲ. ವರ್ಷವಿಡೀ ಆಡಲು ಪಂದ್ಯಗಳಿರಲಿಲ್ಲ. ನಮ್ಮ ಮಹಿಳಾ ಲೀಗ್ ಹುಟ್ಟಿದ್ದು 2017ರಲ್ಲಿ.

ಮಣಿಪುರದ ಬೆಂಬೆಂ ದೇವಿ ಆ ಬರಗಾಲದಲ್ಲೇ ಆಡಿದವರು. ಅವರೂ ಮಧ್ಯಕ್ಷೇತ್ರದವರು. ಹದಿನೈದನೇ ವಯಸ್ಸಿಗೆ, 1995ರಲ್ಲಿ, ಭಾರತ ತಂಡ ಸೇರಿದರು. 2017ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ. ಜೀವನಕ್ಕೆ ಆಧಾರವಾದದ್ದು ಮಣಿಪುರ ಪೊಲೀಸ್ ಇಲಾಖೆಯ ನೌಕರಿ. ತಂದೆತಾಯಿಯರು ಇದನ್ನು ಗಮನಿಸಬೇಕು. ಆಟಗಾರರಿಗೆ ನೌಕರಿ ಕೊಡುವ ಪೊಲೀಸ್, ರೈಲ್ವೆ, ಗಡಿ ಪಡೆಗಳು ನಮ್ಮ ಹುಡುಗಿಯರಿಗೆ ಇಂದಿಗೂ ಗಟ್ಟಿ ಆಸರೆ. ಅಲ್ಲಿಗೆ ಹೋಗಲು ಓದೂ ಬೇಕು. ಎಸ್ಸೆಸ್ಸೆಲ್ಸಿ ಬಂತೆಂದು ಬೂಟು ಅಟ್ಟಕ್ಕೇರಿಸುವ ಮನೆಗಳಲ್ಲಿ ಓದು–ಆಟ ಒಂದಕ್ಕೊಂದು ಶತ್ರುವೆಂಬ ಲೆಕ್ಕ. ಆ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ.

ಕರ್ನಾಟಕದಲ್ಲೂ ಬಾಗಿಲು ಸ್ವಲ್ಪ ತೆರೆದಿದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರ ಮೇ ತಿಂಗಳಲ್ಲಿ ರಾಷ್ಟ್ರೀಯ ಲೀಗ್‌ನ ಫೈನಲ್ ತಲುಪಿತು. ಗೋಕುಲಂ ಕೇರಳದ ಎದುರು 0–5ರಿಂದ ಸೋತದ್ದು ನಿಜ, ಆದರೂ ಫೈನಲ್ ಫೈನಲ್ಲೇ. 2025ರ ಬೇಸಿಗೆಯಲ್ಲಿ ಭಾರತ ತಂಡ ಬೆಂಗಳೂರಿನಲ್ಲೇ ಉಜ್ಬೇಕಿಸ್ತಾನದೊಡನೆ ಸ್ನೇಹಪಂದ್ಯಗಳನ್ನಾಡಿತು. ಅಲ್ಲಿಂದ ಥಾಯ್ಲೆಂಡಿಗೆ ಹೋಗಿ, ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಆತಿಥೇಯರನ್ನೇ 2–1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಆ ಎರಡೂ ಗೋಲು ಹೊಡೆದವರು ಬಂಗಾಳದ ಸಂಗೀತಾ ಬಸ್‌ಫೋರ್. ಅವರೂ ಆಡುವುದು ಮಧ್ಯಕ್ಷೇತ್ರದಲ್ಲಿ.