ಹೋದ ದಾರಿಯಲ್ಲೇ ಮರಳುವ ಎಳೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಹಿರಿಯ ಹೆಣ್ಣುಮಕ್ಕಳ ಕೈಗೆ ಕಸೂತಿಯ ಸೀರೆಯೊಂದನ್ನು ಕೊಟ್ಟರೆ, ಅವರು ಮೊದಲು ಸೆರಗನ್ನು ಮಗುಚಿ ಹಿಂಬದಿಯನ್ನು ನೋಡುತ್ತಾರೆ. ಅಲ್ಲಿ ಗಂಟಿನ ಕುರುಹಾಗಲಿ, ಅಡ್ಡಾದಿಡ್ಡಿಯಾಗಿ ಜಿಗಿದ ಎಳೆಯಾಗಲಿ ಕಂಡುಬಂದರೆ, ಮುಂಬದಿಯ ಗೋಪುರವೆಷ್ಟೇ ಸೊಗಸಾಗಿರಲಿ, ಆ ಕೈ ಇನ್ನೂ ಪಳಗಿಲ್ಲವೆಂದೇ ಅವರ ತೀರ್ಮಾನ.

ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳ ಈ ಕಲೆಗೆ ಆಧಾರವಾದ ಹೊಲಿಗೆಗಳು ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕೇ. ನೇಯ್ಗೆಯನ್ನೇ ಹೋಲುವ ನೇಗಿ, ಅಡ್ಡಗೀಟುಗಳಿಂದ ಜಾಗವನ್ನು ತುಂಬುವ ಮೆಂತಿ, ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುವ ಮುರ್ಗಿ ಇವೆಲ್ಲ ತಮ್ಮ ತಮ್ಮ ಸ್ಥಾನದಲ್ಲಿ ಮಾನ್ಯವಾದವುಗಳೇ. ಆದರೂ ಕಸೂತಿಯ ಜೀವವಿರುವುದು ಗವಂತಿಯಲ್ಲಿ. ಬಟ್ಟೆಯ ಎಳೆಗಳನ್ನೆಣಿಸುತ್ತ, ಒಂದು ಮನೆಯನ್ನು ತುಂಬಿ ಮರುಮನೆಯನ್ನು ಬರಿದಾಗಿ ಬಿಡುತ್ತ ಸೂಜಿಯು ಮುಂದೆ ಸಾಗುತ್ತದೆ. ಕೊನೆ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ, ಬಿಟ್ಟ ಮನೆಗಳನ್ನೆಲ್ಲ ತುಂಬುತ್ತದೆ. ಆಗ ಉಭಯ ಪಾರ್ಶ್ವಗಳಲ್ಲೂ ಒಂದೇ ಅಖಂಡವಾದ ಗೆರೆ ಮೂಡುತ್ತದೆ. ಟಿಸಿಲೊಡೆಯುವ ಚಿತ್ರವಾದರೆ, ಒಂದೊಂದು ಟಿಸಿಲಿಗೂ ಹೋಗಿ ಬರುವ ಮಾರ್ಗವನ್ನು ಸೂಜಿ ಚುಚ್ಚುವ ಮೊದಲೇ ಮನಸ್ಸಿನಲ್ಲಿ ಹಾಕಿಕೊಂಡಿರಬೇಕು. “ಹೋದ ದಾರೀಲೇ ತಿರುಗಿ ಬಾರವ್ವಾ, ನಡುವ ಜಿಗೀಬ್ಯಾಡ” ಎಂದು ನಮ್ಮ ಆಯಿ ಹೇಳುತ್ತಿದ್ದುದರಲ್ಲಿ ಈ ವಿದ್ಯೆಯ ಸರ್ವಸ್ವವೂ ಅಡಗಿತ್ತು. ಗಂಟು ಹಾಕುವಂತಿಲ್ಲ, ಮೊದಲಲ್ಲಿ ಬಿಟ್ಟ ಎಳೆಯ ತುದಿಯನ್ನು ಮರುಪಯಣದ ಹೊಲಿಗೆಯೇ ಹಿಡಿದುಕೊಳ್ಳಬೇಕು.

16ನೆಯ ಶತಮಾನದ ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನನ ಭಾವಚಿತ್ರಗಳಲ್ಲಿ ಅಂಗಿಯ ಕೊರಳಪಟ್ಟಿ, ತೋಳಂಚುಗಳ ಮೇಲೆ ಇದೇ ಬಗೆಯ ಹೊಲಿಗೆ ಕಾಣಿಸುವುದರಿಂದ ಯುರೋಪಿನವರು ಇದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಹೊಲಿಗೆಗೆ ಅಂತಹ ಒಬ್ಬನ ಹೆಸರಿಲ್ಲ; ಇದು ಹಿತ್ತಲ ಬಾಗಿಲ ಬೆಳಕಿನಲ್ಲಿ ಕುಳಿತ ತಾಯಂದಿರಿಂದ ಮಕ್ಕಳಿಗೆ ಇಳಿದುಬಂದುದು.

ಮದುವೆಯಲ್ಲಿ ಹೆಣ್ಣಿಗೆ ಕೊಡುವ ಸೀರೆಗಳಲ್ಲಿ ಕರಿಯ ಚಂದ್ರಕಾಳಿಗೆ ವಿಶೇಷ ಗೌರವವಿತ್ತು. ಕರಿಯದು ಅಶುಭವೆಂಬ ಶಂಕೆ ಈ ಸೀರೆಯ ಮಟ್ಟಿಗೆ ಸುಳಿಯುತ್ತಿರಲಿಲ್ಲ. ಗಡಿಯಾಚೆಯ ಮರಾಠಿ ಮನೆಗಳಲ್ಲಿಯೂ ಚಂದ್ರಕಳಾ ಎಂಬ ಕರಿಯ ಸೀರೆ ಸಂಕ್ರಾಂತಿಗೆ ಒಪ್ಪುವ ಉಡುಗೆಯಲ್ಲವೆ? ಆ ಕತ್ತಲೆಯ ಮೇಲೆ ಕೆಂಪು, ಹಸುರು, ಕಿತ್ತಳೆ, ನೇರಳೆ ರೇಷ್ಮೆಯೆಳೆಗಳಲ್ಲಿ ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲುಗಳು ಸೆರಗಿನ ಬಳಿ ದಟ್ಟವಾಗಿ ನೆರೆದು, ಒಡಲಿನತ್ತ ಸರಿದಂತೆ ಚಿಕ್ಕ ಚಿಕ್ಕ ಬುಟ್ಟಾಗಳಾಗಿ ವಿರಳವಾಗುತ್ತಿದ್ದವು.

ಇಂದು ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದೇ ಚಿತ್ರಗಳನ್ನು ಯಂತ್ರದಲ್ಲಿ ಹೊಲಿದ ಸೀರೆಗಳೂ ಅಗ್ಗವಾಗಿ ಅಂಗಡಿಗೆ ಬಂದಿವೆ. ತಿಂಗಳುಗಟ್ಟಲೆ ಕಣ್ಣು ಸವೆಸಿದವಳ ಕೂಲಿಯನ್ನು ಆ ಬೆಲೆಯೊಡನೆ ತೂಗುವುದು ಅನ್ಯಾಯವೆಂದೇ ನನ್ನ ನಂಬಿಕೆ.

ಕಲಿಯಬಯಸುವವರು ಎಳೆಗಳು ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯಿಂದ ಆರಂಭಿಸುವುದು ಮೇಲು. ಎಣಿಸಲಾಗದ ನುಣುಪಾದ ರೇಷ್ಮೆಯ ಮೇಲಾದರೆ ಕ್ಯಾನ್ವಾಸಿನ ತುಂಡೊಂದನ್ನು ಕಚ್ಚಾ ಹೊಲಿದು, ಅದರ ಮನೆಗಳನ್ನೆಣಿಸಿ ಚಿತ್ರವನ್ನು ಮುಗಿಸಿ, ಬಳಿಕ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಈಚೆಗೆ ಎಳೆಯುತ್ತಾರೆ. ಆತುರ ಮಾಡಿದರೆ ಹೊಲಿಗೆ ಸುಕ್ಕುಗಟ್ಟುತ್ತದೆ. ಕೊನೆಯ ಎಳೆ ಜಾರಿಬಂದಾಗ ತೇರು ರೇಷ್ಮೆಯ ಮೇಲೆ ತಾನಾಗಿ ನಿಲ್ಲುತ್ತದೆ. ಹೊಲಿದವಳು ಸೆರಗನ್ನು ಮಗುಚಿ ನೋಡುತ್ತಾಳೆ.