ಅಡುಗೆಮನೆಯ ನೆಲಹಾಸು

ಅಡುಗೆಮನೆಯ ನೆಲಹಾಸು ಎಂದರೆ ಸಿಂಕು, ಅಡುಗೆಕಟ್ಟೆ ಮತ್ತು ಬಾಗಿಲುಗಳ ಮುಂದೆ ಹಾಸುವ ಚಿಕ್ಕ ಜಮಖಾನ ಅಥವಾ ಮ್ಯಾಟ್. ನೆಲಕ್ಕೆ ಚೆಲ್ಲಿದ ನೀರನ್ನು ಹೀರುವುದು ಹಾಗೂ ನಿಂತು ಕೆಲಸ ಮಾಡುವವರ ಪಾದಗಳಿಗೆ ಗಡಸು ನೆಲದಿಂದ ಆರಾಮ ನೀಡುವುದು ಇದರ ಮುಖ್ಯ ಉಪಯೋಗಗಳು. ನೀರು, ಎಣ್ಣೆ, ಬೆಂಕಿ ಮೂರೂ ಇರುವ ಸ್ಥಳವಾದ್ದರಿಂದ ಇದರ ಆಯ್ಕೆಯಲ್ಲಿ ಜಾರದಿರುವ ಗುಣಕ್ಕೆ ಮೊದಲ ಸ್ಥಾನ, ತೊಳೆಯುವ ಅನುಕೂಲಕ್ಕೆ ಎರಡನೆಯ ಸ್ಥಾನ, ಅಂದ ಅನಂತರದ್ದು.

ಹಿನ್ನೆಲೆ

ನೆಲದ ಮೇಲೆ ಕುಳಿತು ಅಡುಗೆ ಮಾಡುತ್ತಿದ್ದ ಮನೆಗಳಲ್ಲಿ ಮಣೆ, ಚಾಪೆಗಳು ಬಳಕೆಯಲ್ಲಿದ್ದವು. ನಿಂತು ಅಡುಗೆ ಮಾಡುವ ಕಟ್ಟೆಯೂ ನುಣುಪಾದ ಟೈಲ್ಸ್, ಗ್ರಾನೈಟ್ ನೆಲಗಳೂ ಬಂದ ಮೇಲೆ ನಿಲ್ಲುವ ಜಾಗಕ್ಕೆ ಹಾಸಿನ ಅಗತ್ಯ ಉಂಟಾಯಿತು.

ವಸ್ತುಗಳು

• ಹತ್ತಿ: ನೀರನ್ನು ಚೆನ್ನಾಗಿ ಹೀರುತ್ತದೆ, ಸುಲಭವಾಗಿ ಒಗೆಯಬಹುದು. ಧಾರವಾಡ ಜಿಲ್ಲೆಯ ನವಲಗುಂದದ ಕೈಮಗ್ಗದ ಜಮಖಾನಗಳು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹತ್ತಿಯ ಹಾಸುಗಳಾಗಿವೆ.
• ತೆಂಗಿನ ನಾರು: ಒರಟಾಗಿದ್ದು ತೇವವನ್ನು ತಾಳುತ್ತದೆ. ಕಾಲೊರೆಸಲು ಹಿತ್ತಲ ಬಾಗಿಲಿಗೆ ಸೂಕ್ತ.
• ಸೆಣಬು: ತೇವ ತಗುಲಿದರೆ ಕಲೆಗಟ್ಟುತ್ತದೆ, ಬೂಷ್ಟು ಹಿಡಿಯಬಹುದು. ಸಿಂಕಿನ ಬಳಿಗೆ ತಕ್ಕುದಲ್ಲ.
• ಪಾಲಿಪ್ರೊಪಿಲೀನ್: ಕಲೆ ಹಿಡಿಯುವುದು ಕಡಿಮೆ, ಬೇಗ ಒಣಗುತ್ತದೆ. ಆದರೆ ಬಿಸಿ ಪಾತ್ರೆ ತಾಗಿದರೆ ಕರಗುತ್ತದೆ.

ಅಳತೆ

ಸಿಂಕಿನ ಮುಂದೆ ಸುಮಾರು 2 ಅಡಿ ಅಗಲ, 3 ಅಡಿ ಉದ್ದದ ಹಾಸು ಸಾಕಾಗುತ್ತದೆ. ಉದ್ದನೆಯ ಕಟ್ಟೆಯಿದ್ದಲ್ಲಿ 5ರಿಂದ 6 ಅಡಿಯ ಪಟ್ಟಿಯನ್ನು ಹಾಸಬಹುದು. ಕಪಾಟು ಮತ್ತು ಫ್ರಿಜ್ಜಿನ ಬಾಗಿಲುಗಳು ತಡೆಯಿಲ್ಲದೆ ತೆರೆಯುವಷ್ಟು ಹಾಸು ತೆಳುವಾಗಿರಬೇಕು.

ಸುರಕ್ಷತೆ

ನುಣುಪಾದ ನೆಲದ ಮೇಲೆ ಸಡಿಲವಾಗಿ ಹಾಸಿದ ಬಟ್ಟೆ ಕಾಲಡಿಯಲ್ಲೇ ಸರಿಯುತ್ತದೆ. ಮಡಚಿದ ಅಂಚು ಎಡವಿಸುತ್ತದೆ. ಮೂಳೆ ಸವೆದ ವೃದ್ಧರು ಹೀಗೆ ಬಿದ್ದರೆ ಸೊಂಟದ ಮೂಳೆ ಮುರಿಯುವ ಅಪಾಯವಿದೆ. ಕೈಯಲ್ಲಿ ಬಿಸಿ ಸಾರಿನ ಪಾತ್ರೆಯಿದ್ದರೆ ಸುಟ್ಟಗಾಯದ ಭಯವೂ ಸೇರುತ್ತದೆ. ಆದ್ದರಿಂದ ತಳದಲ್ಲಿ ರಬ್ಬರ್ ಪದರವಿರುವ ಹಾಸನ್ನು ಆರಿಸಬೇಕು, ಇಲ್ಲವೆ ಜಮಖಾನದ ಅಡಿಯಲ್ಲಿ ಜಾರುತಡೆಯ ಜಾಲರಿಯನ್ನು ಹಾಕಬೇಕು. ನೆಲದ ಮೇಲಿಟ್ಟ ಒಲೆಯ ಹತ್ತಿರ ಯಾವ ಹಾಸೂ ಇರಕೂಡದು.

ಬಣ್ಣ ಮತ್ತು ವಿನ್ಯಾಸ

ಅರಿಸಿನ, ಎಣ್ಣೆಗಳ ಕಲೆ ತಿಳಿಬಣ್ಣದ ಮೇಲೆ ಎದ್ದು ಕಾಣುತ್ತದೆ. ಗಾಢ ಬಣ್ಣ ಹಾಗೂ ಪಟ್ಟೆ, ಚೌಕುಳಿಗಳು ಅದನ್ನು ಮರೆಮಾಡುತ್ತವೆ. ಆದರೆ ಹಾಸಿನ ಬಣ್ಣ ನೆಲದ ಬಣ್ಣದಲ್ಲಿ ಬೆರೆತುಹೋಗದೆ ಅಂಚು ಸ್ಪಷ್ಟವಾಗಿ ಕಂಡರೆ, ದೃಷ್ಟಿ ಮಂದವಾದವರು ಎಡವುವ ಸಂಭವ ಕಡಿಮೆ.

ನಿರ್ವಹಣೆ

ಒದ್ದೆಯಾದ ಹಾಸನ್ನು ಹಾಗೆಯೇ ಬಿಟ್ಟರೆ ದುರ್ವಾಸನೆ ಬರುತ್ತದೆ. ಎರಡು ಹಾಸುಗಳಿದ್ದರೆ ಒಂದು ಒಣಗುವಾಗ ಇನ್ನೊಂದನ್ನು ಬಳಸಬಹುದು. ಮಳೆಗಾಲದಲ್ಲಿ ಇದು ಹೆಚ್ಚು ಅನುಕೂಲ. ಬಣ್ಣ ಹಾಕಿದ ಜಮಖಾನವನ್ನು ಮೊದಲ ಸಲ ಪ್ರತ್ಯೇಕವಾಗಿ ಒಗೆಯಬೇಕು. ತಳದ ರಬ್ಬರ್ ಬಿರುಕುಬಿಟ್ಟು ಉದುರತೊಡಗಿದಾಗ ಹಾಸನ್ನು ಬದಲಾಯಿಸುವುದು ಅಗತ್ಯ.